ವೆಸ್ಟ್ ವರ್ಜೀನಿಯಾ: ಕಾಲಡಿಯಲ್ಲಿ ಅಷ್ಟೊಂದು ಕಲ್ಲಿದ್ದಲು, ಆದರೂ ಬಡತನ ಯಾಕೆ?

ಗುಡ್ಡದಾಚೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮಾರ್ಗನ್‌ಟೌನ್‌ನಲ್ಲಿದ್ದೇನೆ. ಬಂದು ಹನ್ನೊಂದು ವರ್ಷ ಆಯಿತು. ಹೋದ ತಿಂಗಳು ನ್ಯೂಜೆರ್ಸಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಪಕ್ಕದವರು ಯಾವ ಊರು ಅಂತ ಕೇಳಿದರು. ಹೇಳಿದೆ. "ಅಯ್ಯೋ, ಅಲ್ಲಿ ಯಾಕಿದ್ದೀರಿ? ಓದು ಬರಹ ಇಲ್ಲದ ಜನ, ಬರೀ ಮಾತ್ರೆ ನುಂಗಿಕೊಂಡು ಇರ್ತಾರಂತೆ" ಅಂದರು. ತುತ್ತು ಗಂಟಲಲ್ಲೇ ನಿಂತಿತು. ಆಗ ಏನೂ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಅಲ್ಲಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ, ಮೇಟ್‌ವಾನ್‌ಗೆ ಹೋಗಿಬಂದೆ. ರಾಜ್ಯದ ದಕ್ಷಿಣ ಗಡಿಯ ಊರು. ಹೊಳೆ ದಾಟಿದರೆ ಕೆಂಟಕಿ. ಊರೆಂದರೆ ಒಂದೇ ಬೀದಿ, ಅದರ ಹಿಂದೆ ರೈಲು ಹಳಿ. ಹಳೇ ಪೋಸ್ಟ್ ಆಫೀಸಿನ ಇಟ್ಟಿಗೆ ಗೋಡೆಯಲ್ಲಿ ಗುಂಡು ಬಿದ್ದ ಗುರುತುಗಳು ಇನ್ನೂ ಇವೆ. ಒಂದರಲ್ಲಿ ಬೆರಳಿಟ್ಟು ನೋಡಿದೆ. ನೂರು ವರ್ಷದ ಮಳೆಗೆ ಅಂಚು ನುಣ್ಣಗಾಗಿದೆ.

ಆಗಿನ ಬದುಕು ಹೇಗಿತ್ತು ಅಂದರೆ, ಗಣಿ ಕಂಪನಿಯದು, ಮನೆ ಕಂಪನಿಯದು, ಅಂಗಡಿ ಕಂಪನಿಯದು. ಎಷ್ಟೋ ಕಡೆ ಡಾಕ್ಟರ್, ಶಾಲೆ, ಚರ್ಚು ಕೂಡ ಕಂಪನಿಯದೇ. ಬಹಳ ಕಡೆ ಸಂಬಳಕ್ಕೆ ದುಡ್ಡಿನ ಬದಲು 'ಸ್ಕ್ರಿಪ್' ಅನ್ನುವ ಲೋಹದ ಬಿಲ್ಲೆ ಕೊಡುತ್ತಿದ್ದರು. ಅದು ಕಂಪನಿ ಅಂಗಡಿ ಬಿಟ್ಟು ಬೇರೆಲ್ಲೂ ನಡೆಯುತ್ತಿರಲಿಲ್ಲ. ಕೂಲಿ ಟನ್ ಲೆಕ್ಕ, ತೂಕ ಮಾಡುವವನು ಕಂಪನಿ ಕಡೆಯವನು. ಕಲ್ಲಿದ್ದಲು ತುಂಬುವ ಗಾಡಿಯ ಅಳತೆ ಹಿಗ್ಗಿಸಿ, ಹಳೇ ಲೆಕ್ಕದಲ್ಲೇ ಕೂಲಿ ಕೊಡುತ್ತಿದ್ದರು. ಯೂನಿಯನ್ ಸೇರಿದರೆ ಕೆಲಸವೂ ಹೋಯಿತು, ಸೂರೂ ಹೋಯಿತು.

1920ರ ಮೇ 19ರಂದು ಬಾಲ್ಡ್ವಿನ್-ಫೆಲ್ಟ್ಸ್ ಅನ್ನುವ ಖಾಸಗಿ ಪತ್ತೇದಾರಿ ಕಂಪನಿಯ ಜನ ಮೇಟ್‌ವಾನ್‌ಗೆ ಬಂದರು. ಯೂನಿಯನ್ ಸೇರಿದವರ ಪಾತ್ರೆ ಪಗಡೆ ಎಲ್ಲಾ ಬೀದಿಗೆ ಎಸೆದರು. ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್, ಹಿಂದೆ ತಾನೂ ಗಣಿಯಲ್ಲಿ ದುಡಿದವನು. ಅವನೂ ಮೇಯರ್ ಟೆಸ್ಟರ್‌ಮನ್ ಕೂಡ ಅವರನ್ನು ತಡೆದರು. ಮೊದಲ ಗುಂಡು ಯಾರದು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಹತ್ತು ಹೆಣ ಬಿದ್ದವು. ಏಳು ಪತ್ತೇದಾರಿಗಳು, ಇಬ್ಬರು ಕಾರ್ಮಿಕರು, ಮತ್ತೆ ಮೇಯರ್.

ಮುಂದಿನ ವರ್ಷ ಆಗಸ್ಟ್ 1ಕ್ಕೆ ವೆಲ್ಚ್ ಊರಿನ ಕೋರ್ಟ್ ಮೆಟ್ಟಿಲ ಮೇಲೆ ಸಿಡ್‌ನನ್ನು ಕೊಂದರು. ಅವನ ಕೈಯಲ್ಲಿ ಆಯುಧ ಇರಲಿಲ್ಲ. ಜೊತೆಯಲ್ಲಿ ಹೆಂಡತಿ ಇದ್ದಳು. ಯಾರಿಗೂ ಶಿಕ್ಷೆ ಆಗಲಿಲ್ಲ.

ಆಗ ಎದ್ದರು ನೋಡಿ. ಸುಮಾರು 10,000 ಗಣಿ ಕಾರ್ಮಿಕರು ಬಂದೂಕು ಹಿಡಿದು ಲೋಗನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕಡೆ ನಡೆದರು. ಕಪ್ಪು ಜನ, ಬಿಳಿ ಜನ, ಇಟಲಿ ಹಂಗೇರಿಯಿಂದ ಬಂದವರು, ಎಲ್ಲರೂ ಒಂದೇ ಸಾಲಿನಲ್ಲಿ. ತಮ್ಮವರ ಗುರುತು ಸಿಗಲಿ ಅಂತ ಕುತ್ತಿಗೆಗೆ ಕೆಂಪು ವಸ್ತ್ರ ಕಟ್ಟಿಕೊಂಡಿದ್ದರು. ಬ್ಲೇರ್ ಬೆಟ್ಟದ ಮೇಲೆ ಕೌಂಟಿಯ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಡಾನ್ ಚೇಫಿನ್ ಮೆಷಿನ್ ಗನ್ ಇಟ್ಟು ಕಾದಿದ್ದ. ಅವನಿಗೆ ಗಣಿ ಮಾಲೀಕರ ದುಡ್ಡೂ ಬರುತ್ತಿತ್ತು. ಖಾಸಗಿ ವಿಮಾನದಿಂದ ಕಾರ್ಮಿಕರ ಮೇಲೆ ಬಾಂಬ್ ಹಾಕಿಸಿದರು. ತಮ್ಮದೇ ದೇಶದಲ್ಲಿ, ತಮ್ಮದೇ ಜನರ ಮೇಲೆ! ಕೊನೆಗೆ ಅಧ್ಯಕ್ಷ ಹಾರ್ಡಿಂಗ್ ಸೈನ್ಯ ಕಳಿಸಿದರು. ಕಾರ್ಮಿಕರಲ್ಲಿ ಎಷ್ಟೋ ಜನ ಮೊದಲ ಮಹಾಯುದ್ಧದಲ್ಲಿ ಅದೇ ಸೈನ್ಯದ ಸಮವಸ್ತ್ರ ತೊಟ್ಟವರು. ಸೈನ್ಯದ ಮೇಲೆ ಅವರು ಕೈ ಎತ್ತಲಿಲ್ಲ. ಬಂದೂಕು ಬಚ್ಚಿಟ್ಟು ಮನೆಗೆ ಹೋದರು.

'ರೆಡ್‌ನೆಕ್' (ಕೆಂಪು ಕುತ್ತಿಗೆಯವರು) ಅಂತ ಹಳ್ಳಿಯ ಬಡ ಬಿಳಿಯರನ್ನು ಬೈಯ್ಯುತ್ತಾರಲ್ಲ, ಪದ ಇದಕ್ಕಿಂತ ಹಳೆಯದು. ಆದರೆ ಇಲ್ಲಿನವರಿಗೆ ಅದು ಆ ಕೆಂಪು ವಸ್ತ್ರದ ನೆನಪು.

ಚಾಂಪಿಯನ್‌ರೀಫ್

ಅಕ್ಕಾ, ಓದುತ್ತಾ ಕೂದಲು ನಿಮಿರಿತು. ನಾನು ಕೆಜಿಎಫ್‌ನವನು. ತಾತ, ಅಪ್ಪ ಇಬ್ಬರೂ ಗಣಿಗೆ ಇಳಿದವರು. ನಾವಿದ್ದದ್ದೂ ಕಂಪನಿ ಲೈನ್ ಮನೆಯಲ್ಲಿ. ಒಂದು ರೂಮು, ಒಂದು ಅಡುಗೆ ಮೂಲೆ. ನಮ್ಮಲ್ಲಿ ಜಾನ್ ಟೇಲರ್ ಕಂಪನಿ ಇತ್ತು, ಚಿನ್ನ ಲಂಡನ್‌ಗೆ ಹೋಯಿತು. 1956ರಲ್ಲಿ ಸರ್ಕಾರದ್ದಾಯಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ನಮಗೆ ಉಳಿದದ್ದು ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣಿನ ದಿಬ್ಬ. ಗಾಳಿ ಬಂದರೆ ಈಗಲೂ ಮನೆಯೊಳಗೆಲ್ಲಾ ಆ ಮಣ್ಣೇ.

ಅಲ್ಲಿನ ಕಲ್ಲಿದ್ದಲಿನ ದುಡ್ಡು ಯಾರ ಮನೆ ಸೇರಿತು?

ಗುಡ್ಡದಾಚೆ

ನಿಮ್ಮ ಮಾತು ಓದಿ ಹೊಟ್ಟೆ ಚುರ್ ಅಂತು.

ಇಲ್ಲೂ ಹೊರಗಿನವರ ಮನೆಯನ್ನೇ ಸೇರಿತು. 1880ರ ನಂತರ ಬೆಟ್ಟಗಳಿಗೆ ರೈಲು ಬಂತು. ರೈಲಿನ ಜೊತೆಗೇ ಜಮೀನು ಕೊಳ್ಳುವ ಏಜೆಂಟರು ಬಂದರು. ಮೇಲಿನ ಹೊಲ ನೀವೇ ಇಟ್ಟುಕೊಳ್ಳಿ, ಕೆಳಗಿರುವುದನ್ನು ನಮಗೆ ಮಾರಿ ಅಂದರು. ಜೋಳ ಬೆಳೆದು, ಹಂದಿ ಸಾಕಿ ಬದುಕುತ್ತಿದ್ದ ರೈತರು ಪುಡಿಗಾಸಿಗೆ ಸಹಿ ಹಾಕಿದರು. ನೆಲದ ಕೆಳಗೆ ಏನಿದೆ, ಅದಕ್ಕೆ ಬೆಲೆ ಎಷ್ಟು ಅಂತ ಅವರಿಗೆ ಹೇಳಿದವರು ಯಾರೂ ಇಲ್ಲ. ಲಾಭ ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆ ಹೋಯಿತು.

ಮೆಕ್‌ಡೊವೆಲ್ ಕೌಂಟಿ ನೋಡಿ. ಸಿಡ್‌ನನ್ನು ಕೊಂದ ವೆಲ್ಚ್ ಇರುವುದು ಅಲ್ಲೇ. 1950ರ ಜನಗಣತಿಯಲ್ಲಿ 98,887 ಜನ ಇದ್ದರು. 2020ಕ್ಕೆ 19,111. ಯಂತ್ರ ಬಂತು, ಕೆಲಸ ಹೋಯಿತು, ಜನ ಕೆಲಸ ಹುಡುಕಿಕೊಂಡು ಓಹಿಯೋ, ಮಿಶಿಗನ್ ಕಡೆ ಹೋದರು. 1961ರಲ್ಲಿ ಕೆನಡಿ ಸರ್ಕಾರ ಶುರು ಮಾಡಿದ ಫುಡ್ ಸ್ಟ್ಯಾಂಪ್ (ಬಡವರಿಗೆ ಆಹಾರ ಕೊಳ್ಳಲು ಕೊಡುವ ಕೂಪನ್) ಮೊದಲು ಸಿಕ್ಕಿದ್ದು ಈ ಕೌಂಟಿಯ ಒಂದು ಗಣಿ ಕುಟುಂಬಕ್ಕೆ. ಅಮೆರಿಕದ ಉಕ್ಕಿನ ಕುಲುಮೆಗಳಿಗೆ ಕಲ್ಲಿದ್ದಲು ಕೊಟ್ಟ ಜಾಗ ಅದು!

ತುಂಗಾತೀರ

ಮೇಡಂ, ನೀವು ಹೇಳಿದ್ದು ನೂರು ವರ್ಷದ ಹಿಂದಿನ ಕತೆ. ನಾನು ಓಹಿಯೋದಲ್ಲಿದ್ದೇನೆ, ಆ ಕಡೆ ಆಗಾಗ ಬರುತ್ತೇನೆ. ಇದೇ ಜನ ಈಗ ಗಣಿ ಮುಚ್ಚಬೇಡಿ ಅಂತಾರೆ. ಗಣಿ ಮಾಲೀಕರ ಪರ ಇರುವವರಿಗೇ ವೋಟು ಹಾಕ್ತಾರೆ. 2016ರಲ್ಲಿ ಟ್ರಂಪ್‌ಗೆ ನೂರಕ್ಕೆ 68 ವೋಟು. ತಮ್ಮ ಕಾಲಿಗೆ ತಾವೇ ಕಲ್ಲು ಎತ್ತಿಹಾಕಿಕೊಂಡರೆ ಯಾರು ಏನು ಮಾಡೋಕಾಗುತ್ತೆ?

ಬೆಕ್ಲಿ ಡಾಕ್ಟರ್

ತುಂಗಾತೀರ ಅವರೇ, ನಿಮ್ಮ ಪ್ರಶ್ನೆ ಸರಿಯಾದದ್ದೇ. ನಾನು ದಕ್ಷಿಣದ ಗಣಿ ಸೀಮೆಯಲ್ಲಿ ಶ್ವಾಸಕೋಶದ ವೈದ್ಯ. ನಾನು ಕಂಡದ್ದು ಹೇಳುತ್ತೇನೆ.

ಈ ರಾಜ್ಯ ಬಹಳ ಕಾಲ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಆ ಪಕ್ಷದ ಅಧ್ಯಕ್ಷ ಅಭ್ಯರ್ಥಿಗಳು, 1980ರಲ್ಲಿ ಕಾರ್ಟರ್, 1988ರಲ್ಲಿ ಡುಕಾಕಿಸ್ ದೇಶದಲ್ಲಿ ಸೋತಾಗಲೂ ಇಲ್ಲಿ ಗೆದ್ದಿದ್ದರು. 2000ದಿಂದ ಗಾಳಿ ತಿರುಗಿತು. ನನ್ನ ರೋಗಿಗಳ ಹತ್ತಿರ ಕೇಳಿದರೆ ಒಂದೇ ಮಾತು: "ಗಣಿ ಮುಚ್ಚುತ್ತೇವೆ ಅಂದರು, ಬದಲಿಗೆ ಏನು ಕೊಡುತ್ತೇವೆ ಅಂತ ಹೇಳಲಿಲ್ಲ." ಗಣಿ ಪ್ರಾಣ ತೆಗೆಯುತ್ತೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಹೈಸ್ಕೂಲು ಮುಗಿಸಿದ ಹುಡುಗನಿಗೆ ಸಂಸಾರ ಸಾಕುವಷ್ಟು ಸಂಬಳ ಕೊಡುವ ಬೇರೆ ಕೆಲಸ ಆ ಕಣಿವೆಯಲ್ಲಿ ಇಲ್ಲ.

ಈಗ ನನ್ನ ಕಸುಬಿನ ವಿಷಯ. 'ಬ್ಲ್ಯಾಕ್ ಲಂಗ್' ಅಂದರೆ ಕಲ್ಲಿದ್ದಲಿನ ದೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವುದು. ವಾಸಿ ಮಾಡುವ ಮದ್ದಿಲ್ಲ. 1960ರ ದಶಕದಲ್ಲೂ ಎಷ್ಟೋ ಕಂಪನಿ ಡಾಕ್ಟರುಗಳು ಅದನ್ನು ಆಸ್ತಮಾ, ಸಿಗರೇಟು ಅಂತ ತಳ್ಳಿಹಾಕುತ್ತಿದ್ದರು. 1968ರ ನವೆಂಬರ್ 20ಕ್ಕೆ ಫಾರ್ಮಿಂಗ್ಟನ್ ಗಣಿ ಸ್ಫೋಟದಲ್ಲಿ 78 ಜನ ಸತ್ತರು. ಮೂರು ತಿಂಗಳಿಗೆ ಇಡೀ ರಾಜ್ಯದ ಗಣಿ ಕೆಲಸ ನಿಂತಿತು. ಸುಮಾರು 40,000 ಜನ. ತಮ್ಮ ಯೂನಿಯನ್ ನಾಯಕರು ಬೇಡ ಅಂದರೂ ಕೇಳಲಿಲ್ಲ. ರಾಜಧಾನಿ ಚಾರ್ಲ್ಸ್‌ಟನ್‌ಗೆ ಮೆರವಣಿಗೆ ಬಂದರು. ನಮ್ಮ ಬೆಕ್ಲಿಯ ಡಾ. ಡೊನಾಲ್ಡ್ ರಾಸ್ಮುಸೆನ್ ಮತ್ತು ಇನ್ನಿಬ್ಬರು ಡಾಕ್ಟರುಗಳು ಊರೂರಿಗೆ ಹೋಗಿ ಜನರಿಗೆ ರೋಗ ಏನು ಅಂತ ತಿಳಿಸಿದ್ದರು. ಮಾರ್ಚಿನಲ್ಲಿ ರಾಜ್ಯದ ಕಾನೂನು ಬಂತು, ಡಿಸೆಂಬರ್‌ನಲ್ಲಿ ಇಡೀ ದೇಶದ ಗಣಿ ಸುರಕ್ಷತಾ ಕಾನೂನು ಬಂತು. ಇವತ್ತು ಯಾವ ರಾಜ್ಯದ ಗಣಿ ಕಾರ್ಮಿಕನಿಗೆ ಬ್ಲ್ಯಾಕ್ ಲಂಗ್ ಪರಿಹಾರ ಸಿಕ್ಕರೂ ಅದರ ಹಿಂದೆ ಈ ಬೆಟ್ಟದ ಜನ ಇದ್ದಾರೆ.

ಬೇಸರದ ವಿಷಯ ಏನೆಂದರೆ ರೋಗ ಮತ್ತೆ ಹೆಚ್ಚಾಗಿದೆ. ಕಲ್ಲಿದ್ದಲಿನ ದಪ್ಪ ಪದರ ಮುಗಿಯಿತು. ತೆಳು ಪದರಕ್ಕಾಗಿ ಯಂತ್ರ ಬಂಡೆಯನ್ನೇ ಕತ್ತರಿಸುತ್ತದೆ, ಸಿಲಿಕಾ ದೂಳು ಏಳುತ್ತದೆ. ಮೊದಲು ಮುದುಕರ ಎಕ್ಸ್‌ರೇಯಲ್ಲಿ ಕಾಣುತ್ತಿದ್ದದ್ದು ಈಗ ನಲವತ್ತು ವರ್ಷದವರಲ್ಲಿ ಕಾಣುತ್ತಿದೆ.

ನನ್ನ ರೋಗಿ ಒಬ್ಬರು ಪ್ರತಿ ಬೇಸಿಗೆ ನನಗೆ ಟೊಮೆಟೊ ತರುತ್ತಾರೆ. ಮೂಗಿಗೆ ಆಕ್ಸಿಜನ್ ಪೈಪು, ಒಂದು ಕೈಯಲ್ಲಿ ಸಿಲಿಂಡರ್ ಗಾಡಿ, ಇನ್ನೊಂದು ಕೈಯಲ್ಲಿ ಕಾಗದದ ಚೀಲ. ಪಾರ್ಕಿಂಗ್‌ನಿಂದ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಾರೆ. "ಡಾಕ್, ಫ್ರಿಜ್‌ನಲ್ಲಿ ಇಡಬೇಡ, ರುಚಿ ಹೋಗುತ್ತೆ" ಅಂತ ಪ್ರತಿ ಸಲವೂ ಹೇಳುತ್ತಾರೆ.

ತುಂಗಾತೀರ

ಡಾಕ್ಟ್ರೇ, ಬಹಳ ವಿಷಯ ತಿಳಿಯಿತು. ವೋಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಸಿಟ್ಟು ಕಡಿಮೆ ಆಯಿತು. ಮಾತ್ರೆಯ ವಿಷಯ ಹೇಳಿ. ಅದಂತೂ ಸುಳ್ಳಲ್ಲ, ಅಲ್ವಾ?

ಬೆಕ್ಲಿ ಡಾಕ್ಟರ್

ಸುಳ್ಳಲ್ಲ. ಇದರಲ್ಲಿ ನಮ್ಮ ವೃತ್ತಿಯ ತಪ್ಪೂ ಇದೆ, ಅದನ್ನು ಮುಚ್ಚಿಡಲ್ಲ. ಗಣಿ ಕೆಲಸ ಮಾಡಿದವರಿಗೆ ಸೊಂಟ ನೋವು, ಮಂಡಿ ನೋವು ಇದ್ದದ್ದೇ. ಅಂಥ ಕಡೆಗೇ ಚಟ ಹಿಡಿಸುವ ಓಪಿಯಾಯ್ಡ್ ನೋವಿನ ಮಾತ್ರೆ ಸುರಿದರು. ಕರ್ಮಿಟ್ ಅಂತ ಒಂದು ಊರು, ಸುಮಾರು 400 ಜನ. ಅಲ್ಲಿನ ಒಂದೇ ಔಷಧಿ ಅಂಗಡಿಗೆ ಎರಡು ವರ್ಷದಲ್ಲಿ ಸುಮಾರು 90 ಲಕ್ಷ ಮಾತ್ರೆ ಬಂತು. ಇಡೀ ರಾಜ್ಯಕ್ಕೆ ಆರು ವರ್ಷದಲ್ಲಿ 78 ಕೋಟಿ. ಇದನ್ನು ಹೊರಗೆ ತಂದದ್ದು ಚಾರ್ಲ್ಸ್‌ಟನ್‌ನ ಪತ್ರಿಕೆಯ ವರದಿಗಾರ ಎರಿಕ್ ಐರ್. ಅದಕ್ಕೆ 2017ರಲ್ಲಿ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. ಗೃಹಪ್ರವೇಶದಲ್ಲಿ "ಮಾತ್ರೆ ನುಂಗ್ತಾರೆ" ಅಂದವರಿಗೆ ಈ ಲೆಕ್ಕ ತೋರಿಸಿ. ಲಾರಿ ಲಾರಿ ಕಳಿಸಿದವರು ಯಾರು ಅಂತ ಅವರೇ ಕೇಳಲಿ.

ಇನ್ನೊಂದು. 1965ರ ವಲಸೆ ಕಾನೂನಿನ ಮೇಲೆ ನಮ್ಮ ದೇಶದ ಡಾಕ್ಟರುಗಳು ತುಂಬಾ ಜನ ಈ ಸಣ್ಣ ಊರುಗಳಿಗೆ ಬಂದರು. ಇಲ್ಲಿಗೆ ಬರಲು ಬೇರೆ ಡಾಕ್ಟರುಗಳು ಸಿಗುತ್ತಿರಲಿಲ್ಲ. ನನ್ನ ಹಿರಿಯ ಸಹೋದ್ಯೋಗಿಗಳಲ್ಲಿ ಹುಬ್ಬಳ್ಳಿ, ಮೈಸೂರಿನಲ್ಲಿ ಓದಿದವರು ಇದ್ದರು. ದೇವಸ್ಥಾನ ಅಂದರೆ ಪಿಟ್ಸ್‌ಬರ್ಗ್ ವೆಂಕಟೇಶ್ವರ, ಮೂರೂವರೆ ಗಂಟೆ ದಾರಿ. ಹಿಂದಿನ ರಾತ್ರಿಯೇ ಪುಳಿಯೋಗರೆ ಕಟ್ಟಿಕೊಂಡು ಹೊರಡುತ್ತಿದ್ದೆವು.

ಹಳೇಪುಸ್ತಕ

ನಮ್ಮ ದೇಶಕ್ಕೆ ನೇರವಾಗಿ ತಾಗುವ ಒಂದು ವಿಷಯ ಇದೆ. ಯಾರೂ ಎತ್ತಲಿಲ್ಲ, ನಾನು ಬರೆಯುತ್ತೇನೆ.

1930ರಲ್ಲಿ ಗಾಲೀ ಬ್ರಿಜ್ ಹತ್ತಿರ ಹಾಕ್ಸ್ ನೆಸ್ಟ್ ಸುರಂಗ ಕೊರೆಯಲು ಶುರು ಮಾಡಿದರು. ನದಿ ನೀರನ್ನು ಬೆಟ್ಟದೊಳಗಿಂದ ಹರಿಸಿ ಕರೆಂಟ್ ಮಾಡಲು, ಸುಮಾರು ಮೂರು ಮೈಲಿ ಉದ್ದ. ಬಂಡೆ ತುಂಬಾ ಸಿಲಿಕಾ. ನೀರು ಹಾಯಿಸುತ್ತಾ ಕೊರೆದರೆ ದೂಳು ಏಳಲ್ಲ, ಕೆಲಸ ನಿಧಾನ ಆಗುತ್ತೆ. ಆದ್ದರಿಂದ ನೀರಿಲ್ಲದೆ ಒಣದಾಗಿಯೇ ಕೊರೆಸಿದರು. ಒಳಗೆ ದುಡಿದವರಲ್ಲಿ ಮುಕ್ಕಾಲು ಪಾಲು ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಬಂದ ಕಪ್ಪು ಜನ. ಹೊರಗೆ ಬರುವಾಗ ಕಪ್ಪು ಯಾರು, ಬಿಳಿ ಯಾರು ಗೊತ್ತಾಗುತ್ತಿರಲಿಲ್ಲ, ಎಲ್ಲರ ಮೈಮೇಲೂ ಬಿಳಿ ದೂಳು. ಅಮೆರಿಕದ ಸಂಸತ್ತಿನ (ಕಾಂಗ್ರೆಸ್) ವಿಚಾರಣೆಯಲ್ಲಿ ಸಾವಿನ ಲೆಕ್ಕ 476 ಬಂತು. ಮುಂದೆ ಒಂದು ಅಧ್ಯಯನ 764 ಅಂದಿತು. ಕೆಲಸ ಮಾಡಿಸಿದ್ದು ಯೂನಿಯನ್ ಕಾರ್ಬೈಡ್‌ನ ಅಂಗಸಂಸ್ಥೆ.

ಹೌದು, ಭೋಪಾಲದ ಯೂನಿಯನ್ ಕಾರ್ಬೈಡೇ. 1984ರಲ್ಲಿ ಭೋಪಾಲದಲ್ಲಿ ಸೋರಿದ ಎಂಐಸಿ (ಮೀಥೈಲ್ ಐಸೋಸಯನೇಟ್) ಅನ್ನುವ ವಿಷಾನಿಲವನ್ನು ಅಮೆರಿಕದಲ್ಲಿ ತಯಾರಿಸುತ್ತಿದ್ದದ್ದು ಇದೇ ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಅನ್ನುವ ಊರಲ್ಲಿ. ಮೊದಲಿಂದ ಕಪ್ಪು ಜನರ ಊರು, ಅವರದೇ ಕಾಲೇಜು ಇದೆ. ಭೋಪಾಲ ಆದ ಎಂಟೇ ತಿಂಗಳಿಗೆ, 1985ರ ಆಗಸ್ಟ್ 11ಕ್ಕೆ, ಅಲ್ಲೂ ಬೇರೊಂದು ವಿಷಾನಿಲ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಲ್ಲಿ ಎಂಐಸಿ ತಯಾರಿ ನಿಂತಿದ್ದು 2011ರಲ್ಲಿ.

ಚಾಂಪಿಯನ್‌ರೀಫ್

ಒಣದಾಗಿಯೇ ಕೊರೆಯುವುದು... ನಮ್ಮ ತಾತನ ಕೆಮ್ಮು ಇನ್ನೂ ಕಿವಿಯಲ್ಲಿದೆ. ಚಿನ್ನದ ಬಂಡೆಯಲ್ಲೂ ಸಿಲಿಕಾನೇ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಇಟ್ಟು ಕೂತೇ ಬೆಳಗು ಮಾಡುತ್ತಿದ್ದರು.

ಬೆಣ್ಣೆದೋಸೆ

ನಾನು ದಾವಣಗೆರೆ ಹತ್ತಿರ ಸರ್ಕಾರಿ ಶಾಲೆ ಟೀಚರ್. ಎರಡು ಪ್ರಶ್ನೆ. ಇದು ವರ್ಜೀನಿಯಾದಿಂದ ಬೇರೆ ಆಗಿದ್ದು ಯಾಕೆ? ಇನ್ನೊಂದು, 2018ರಲ್ಲಿ ಅಲ್ಲಿನ ಟೀಚರ್‌ಗಳು ಸ್ಟ್ರೈಕ್ ಮಾಡಿದರಲ್ಲ, ಅದರ ಬಗ್ಗೆ ಹೇಳಿ.

ಗುಡ್ಡದಾಚೆ

ಮೊದಲನೆಯದು ಚಿಕ್ಕದಾಗಿ ಹೇಳುತ್ತೇನೆ ಟೀಚರ್. ಪೂರ್ವದ ಬಯಲಲ್ಲಿ ಗುಲಾಮರನ್ನು ಇಟ್ಟುಕೊಂಡ ದೊಡ್ಡ ಜಮೀನ್ದಾರರು. ಪಶ್ಚಿಮದ ಬೆಟ್ಟದಲ್ಲಿ ಸಣ್ಣ ರೈತರು. ತೆರಿಗೆ, ರಸ್ತೆ, ಪ್ರಾತಿನಿಧ್ಯ ಎಲ್ಲದರಲ್ಲೂ ಮೊದಲಿಂದ ಜಗಳ. ಅಂತರ್ಯುದ್ಧ ಶುರುವಾದ 1861ರಲ್ಲಿ ವರ್ಜೀನಿಯಾ ದಕ್ಷಿಣದ ರಾಜ್ಯಗಳ ಜೊತೆ ಅಮೆರಿಕ ಬಿಟ್ಟು ಹೊರಟಿತು. ಬೆಟ್ಟದವರಲ್ಲಿ ತುಂಬಾ ಜನ ಒಪ್ಪಲಿಲ್ಲ, ವೀಲಿಂಗ್ ಊರಲ್ಲಿ ಸೇರಿ ಬೇರೆ ಸರ್ಕಾರ ಮಾಡಿಕೊಂಡರು. 1863ರ ಜೂನ್ 20ಕ್ಕೆ ಹೊಸ ರಾಜ್ಯ ಹುಟ್ಟಿತು. ದಕ್ಷಿಣದ ಕೌಂಟಿಗಳಲ್ಲಿ ಇದಕ್ಕೆ ಒಪ್ಪದವರೂ ಬಹಳ ಇದ್ದರು ಅನ್ನುವುದನ್ನೂ ಹೇಳಬೇಕು.

ಎರಡನೆಯದು ನಾನು ಕಣ್ಣಾರೆ ನೋಡಿದ್ದು. 2018ರ ಫೆಬ್ರವರಿ 22ಕ್ಕೆ ಶುರುವಾಯಿತು. ಇಲ್ಲಿನ ಟೀಚರ್‌ಗಳ ಸಂಬಳ ದೇಶದಲ್ಲಿ ಕೊನೆಯ ಸಾಲಿನಲ್ಲಿತ್ತು, ಆರೋಗ್ಯ ವಿಮೆಯ ಖರ್ಚು ಏರುತ್ತಲೇ ಇತ್ತು. ಇಲ್ಲಿ ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕು ಕಾನೂನಿನಲ್ಲಿ ಇಲ್ಲ. ಆದರೂ 55 ಕೌಂಟಿಗಳಲ್ಲೂ ಶಾಲೆ ನಿಂತಿತು. ಬಸ್ ಡ್ರೈವರುಗಳು, ಅಡುಗೆಯವರು ಎಲ್ಲಾ ಜೊತೆಯಾದರು.

ನನ್ನ ಮಗಳು ಆಗ ಮೂರನೇ ಕ್ಲಾಸು. ಸ್ಟ್ರೈಕ್ ಹಿಂದಿನ ದಿನ ಕರೆದುಕೊಂಡು ಬರಲು ಹೋಗಿದ್ದೆ. ಟೀಚರ್‌ಗಳು ಮೇಜಿನ ಸುತ್ತ ನಿಂತು ಕಾಗದದ ಚೀಲಕ್ಕೆ ಬ್ರೆಡ್, ಪೀನಟ್ ಬಟರ್, ಸೇಬು ತುಂಬುತ್ತಿದ್ದರು. ಎಷ್ಟೋ ಮಕ್ಕಳಿಗೆ ಸರಿಯಾದ ಊಟ ಸಿಗುವುದೇ ಶಾಲೆಯಲ್ಲಿ. ಶಾಲೆ ಮುಚ್ಚಿದರೆ ಅವರು ಹಸಿದಿರಬಾರದು ಅಂತ, ಅದೇ ಕಡಿಮೆ ಸಂಬಳದಲ್ಲಿ ಕೊಂಡು ತಂದಿದ್ದರು. ನಾನೂ ನಿಂತು ಒಂದಷ್ಟು ಚೀಲ ಕಟ್ಟಿದೆ. ಪಕ್ಕದಲ್ಲಿದ್ದ ಟೀಚರ್ ಕುತ್ತಿಗೆಗೆ ಕೆಂಪು ವಸ್ತ್ರ ಕಟ್ಟಿದ್ದರು. ಯಾಕೆ ಅಂತ ಕೇಳಿದೆ. "ನನ್ನ ಮುತ್ತಜ್ಜ ಬ್ಲೇರ್ ಬೆಟ್ಟಕ್ಕೆ ನಡೆದಿದ್ದರು" ಅಂದರು. ಬ್ಲೇರ್ ಬೆಟ್ಟ ಅಂದರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ನಾನು ಈ ಇತಿಹಾಸ ಓದಲು ಶುರು ಮಾಡಿದ್ದು ಆ ಒಂದು ಮಾತಿನಿಂದ.

ಮಾರ್ಚ್ 6ಕ್ಕೆ ಎಲ್ಲಾ ಸರ್ಕಾರಿ ನೌಕರರಿಗೂ ನೂರಕ್ಕೆ 5 ಏರಿಕೆ ಒಪ್ಪಿಕೊಂಡರು. ಆಮೇಲೆ ಒಕ್ಲಹೋಮ, ಅರಿಜೋನಾ ಟೀಚರ್‌ಗಳೂ ಬೀದಿಗೆ ಬಂದರು.

ಬೆಣ್ಣೆದೋಸೆ

ಬಿಸಿಯೂಟದ ಹೊತ್ತಿನಲ್ಲಿ ಮಕ್ಕಳ ತಟ್ಟೆ ದಿನಾ ನೋಡುವವಳು ನಾನು. ಆ ಚೀಲ ಕಟ್ಟಿದ ಕೈಗಳಿಗೆ ನನ್ನ ನಮಸ್ಕಾರ. ಗಣಿ ಹೆಂಗಸರ ಬಗ್ಗೆ ಯಾರೂ ಬರೆದಿಲ್ಲ, ಗೊತ್ತಿದ್ದವರು ಬರೆಯಿರಿ.

ಹಳೇಪುಸ್ತಕ

ಮದರ್ ಜೋನ್ಸ್ ಇದ್ದರು. ಐರ್ಲೆಂಡಿನಲ್ಲಿ ಹುಟ್ಟಿದವರು, ಹಳದಿ ಜ್ವರದಲ್ಲಿ ಗಂಡ ಮತ್ತು ನಾಲ್ಕು ಮಕ್ಕಳನ್ನು ಕಳೆದುಕೊಂಡವರು. 1912-13ರ ಪೇಂಟ್ ಕ್ರೀಕ್ ಮುಷ್ಕರದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಈ ಕಣಿವೆಗಳಲ್ಲಿ ಓಡಾಡಿ ಭಾಷಣ ಮಾಡಿದರು. ಸೇನಾ ನ್ಯಾಯಾಲಯ ಅವರಿಗೆ ಶಿಕ್ಷೆ ಕೊಟ್ಟು ಬಂಧನದಲ್ಲಿ ಇಟ್ಟಿತ್ತು.

ಗುಡ್ಡದಾಚೆ

ನಾನು ಹೇಳುವ ಹೆಂಗಸಿನ ಊರು ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಮೊನೊಂಗಾ.

1907ರ ಡಿಸೆಂಬರ್ 6ರ ಬೆಳಿಗ್ಗೆ ಅಲ್ಲಿ ಗಣಿ ಸಿಡಿಯಿತು. ಸರ್ಕಾರಿ ಲೆಕ್ಕದಲ್ಲೇ 362 ಜನ ಸತ್ತರು. ಅಮೆರಿಕದ ಗಣಿಗಳಲ್ಲಿ ಅಷ್ಟು ದೊಡ್ಡ ಸಾವು ಹಿಂದೆಯೂ ಇಲ್ಲ, ಮುಂದೆಯೂ ಆಗಿಲ್ಲ. ಇಟಲಿಯಿಂದ ಬಂದವರು ಬಹಳ ಜನ ಇದ್ದರು. ಊರು ತುಂಬಾ ವಿಧವೆಯರು, ತಂದೆ ಇಲ್ಲದ ಮಕ್ಕಳು. ಮುಂದಿನ ಜುಲೈನಲ್ಲಿ ಪಕ್ಕದ ಫೇರ್‌ಮಾಂಟ್ ಚರ್ಚಿನಲ್ಲಿ ಆ ತಂದೆಯರ ನೆನಪಿಗೆ ಪ್ರಾರ್ಥನೆ ಮಾಡಿದರು. ಅಪ್ಪಂದಿರಿಗಾಗಿ ನಡೆದ ಮೊದಲ ಪ್ರಾರ್ಥನೆ ಅದೇ ಅಂತ ಇಲ್ಲಿನವರು ಹೇಳುತ್ತಾರೆ. ಅದಕ್ಕೆ ಎರಡು ತಿಂಗಳ ಮೊದಲು, ಸ್ವಲ್ಪ ದೂರದ ಗ್ರಾಫ್ಟನ್‌ನಲ್ಲಿ ಮೊದಲ ತಾಯಂದಿರ ದಿನ ಆಗಿತ್ತು.

ಅಲ್ಲಿ ಒಬ್ಬ ಇಟಾಲಿಯನ್ ಹೆಂಗಸು ಇದ್ದರು. ಗಂಡನ ಶವ ಸಿಗಲಿಲ್ಲ. ದಿನಾ ಗಣಿಯ ಹತ್ತಿರ ಹೋಗಿ ಒಂದು ಚೀಲ ಕಲ್ಲಿದ್ದಲು ಹೊತ್ತು ತಂದು ಮನೆ ಪಕ್ಕ ಸುರಿಯುತ್ತಿದ್ದರು. ಒಲೆಗೆ ಅಲ್ಲ. ಗಂಡನ ಎದೆ ಮೇಲಿನ ಭಾರ ಅಷ್ಟಾದರೂ ಇಳಿಯಲಿ ಅಂತ. ಹೀಗೆ 29 ವರ್ಷ. ಮನೆ ಪಕ್ಕ ಗುಡ್ಡವೇ ಆಯಿತಂತೆ.

2007ರಲ್ಲಿ, ನೂರು ವರ್ಷಕ್ಕೆ, ಮೊನೊಂಗಾದ ಹೆಂಗಸರ ನೆನಪಿಗೆ ಇಟಲಿಯ ಬಿಳಿ ಅಮೃತಶಿಲೆಯ ಮೂರ್ತಿ ನಿಲ್ಲಿಸಿದ್ದಾರೆ. ಹೋದ ಡಿಸೆಂಬರ್‌ನಲ್ಲಿ ಮಗಳ ಜೊತೆ ಹೋಗಿದ್ದೆ. ಹಿಮ ಬಿದ್ದಿತ್ತು. ಯಾರೋ ಮೂರ್ತಿಯ ಕಾಲ ಹತ್ತಿರ ಒಂದು ಹಿಡಿ ಕಲ್ಲಿದ್ದಲು ಇಟ್ಟುಹೋಗಿದ್ದರು.

ಚಾಂಪಿಯನ್‌ರೀಫ್

ಅಕ್ಕಾ, ಈ ವರ್ಷ ಹೋದರೆ ನಮ್ಮ ತಾತನ ಹೆಸರಲ್ಲೂ ಒಂದು ಹೂವು ಇಡಿ.

ಗುಡ್ಡದಾಚೆ

ಇಡುತ್ತೇನೆ ತಮ್ಮಾ. ತಾತನ ಹೆಸರು ನನಗೆ ಮೆಸೇಜ್ ಮಾಡಿ.